ಪ್ಲೈವುಡ್ಡಿನ ಬೆನ್ನು ಹರಿಯದಂತೆ

ನಿವೃತ್ತನಾದ ಮೊದಲ ಬೇಸಗೆಯಲ್ಲಿ, ಮನೆಯ ಪುಸ್ತಕಗಳಿಗೊಂದು ಕಪಾಟನ್ನು ಸ್ವಹಸ್ತದಿಂದಲೇ ನಿರ್ಮಿಸಬೇಕೆಂಬ ಹಂಬಲ ಹುಟ್ಟಿ, ತೇಗದ ಹೊರಪದರು ಹೊದಿಸಿದ 18 ಮಿ.ಮೀ. ದಪ್ಪದ ಪ್ಲೈವುಡ್ಡನ್ನು ಬಾಗಿಲುಗಳ ಅಳತೆಗೆ ಕೊಯ್ಯಿಸಿ ತಂದು, ಅಂಚಿಗೆ ಪಟ್ಟಿ ಬಡಿದು, ಉಪ್ಪುಕಾಗದದಿಂದ ಉಜ್ಜಿ, ಎರಡು ಕೈ ಪಾಲಿಶು ಬಳಿದು, ಇನ್ನು ಹಿಡಿಗಳನ್ನು ಕೂರಿಸಿದರೆ ಕೆಲಸ ಮುಗಿಯಿತೆಂಬ ಹಂತಕ್ಕೆ ಬಂದಿದ್ದೆ. ಹಿಡಿಯ ಸ್ಕ್ರೂಗಳಿಗೆ 5 ಮಿ.ಮೀ.ನ ಎರಡು ರಂಧ್ರಗಳು ಬೇಕಾಗಿದ್ದವು. ಪಾಲಿಶಿನ ಮೇಲೆ ಪೆನ್ಸಿಲು ತಾಗಿಸಲು ಮನಸ್ಸು ಬಾರದೆ ಅಳತೆಯ ಗುರುತುಗಳನ್ನು ಬಾಗಿಲಿನ ಒಳಮೈಗೆ ಹಾಕಿಕೊಂಡಿದ್ದೆನಾದ್ದರಿಂದ, ಒಳಮೈಯಿಂದಲೇ ಕೊರೆಯತೊಡಗಿದೆ. ಡ್ರಿಲ್ಲಿನ ಬಿಟ್ ಹಲಗೆಯನ್ನು ದಾಟಿ ಹೊರಬಿದ್ದ ಕ್ಷಣದಲ್ಲಿ ಹಪ್ಪಳ ಮುರಿದಂಥ ಸದ್ದೊಂದು ಕೇಳಿಸಿತು. ತಿರುಗಿಸಿ ನೋಡಿದರೆ, ರಂಧ್ರದ ಒಂದು ಮಗ್ಗುಲಿನಲ್ಲಿ ತೇಗದ ಪದರು ಹೆಬ್ಬೆರಳಿನ ಉಗುರಿನಷ್ಟಗಲ ಎದ್ದುಹೋಗಿ, ಅದರಡಿಯ ಬಿಳಿಚಿದ ಮರ ಹೊರಗೆ ಇಣುಕುತ್ತಿತ್ತು. ಪಕ್ಕದ ಮನೆಯಲ್ಲಿ ಕೆಲಸಕ್ಕೆ ಬಂದಿದ್ದ ಆಚಾರ್ರು ಬೀಡಿ ಸೇದಲು ಹೊರಗೆ ಬಂದವರು ಇದನ್ನು ನೋಡಿ, "ಒಳಗಿಂದ ಹೊಡೆದ್ರಾ ಸ್ವಾಮಿ? ಮುಖದಿಂದ ಕೊರೀಬೇಕು. ಅಡೀಗೆ ಒಂದು ತುಂಡಾದ್ರೂ ಕೊಡಬಾರದಿತ್ತಾ?" ಎಂದಷ್ಟೇ ಹೇಳಿ ಒಳಗೆ ಹೋದರು.

ಅವರ ಆ ಮಾತಿನಲ್ಲಿ ಈ ಲೇಖನದ ಮುಕ್ಕಾಲು ಪಾಲು ಅಡಗಿದೆ. ಮಿಕ್ಕ ಕಾಲು ಪಾಲನ್ನು ನಾನು ಅನಂತರದ ದಿನಗಳಲ್ಲಿ, ಸಾಕಷ್ಟು ಹಲಗೆಗಳನ್ನು ಹಾಳುಮಾಡಿ, ಕಲಿತುಕೊಂಡೆ; ಓದುಗರು ತಮ್ಮ ಹಲಗೆಗಳನ್ನು ಹಾಳುಮಾಡದೆಯೇ ಅದನ್ನು ಪಡೆಯಲೆಂಬುದು ನನ್ನ ಉದ್ದೇಶ.

ಈ ಅನರ್ಥದ ಮೂಲವನ್ನರಿಯಬೇಕಾದರೆ ಪ್ಲೈವುಡ್ಡು ಹುಟ್ಟುವ ಬಗೆಯನ್ನು ಒಂದಿಷ್ಟು ತಿಳಿದಿರುವುದು ಅವಶ್ಯ. ಕಾರ್ಖಾನೆಯಲ್ಲಿ ಮರದ ದಿಮ್ಮಿಯನ್ನು ನೀರಿನಲ್ಲಿ ನೆನೆಸಿಯೋ ಹಬೆಯಲ್ಲಿ ಬೇಯಿಸಿಯೋ ಮೆತ್ತಗಾಗಿಸಿ, ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ, ಅದರ ಉದ್ದಕ್ಕೂ ಒತ್ತಿಹಿಡಿದ ನೀಳವಾದ ಅಲಗಿನಿಂದ, ಸುತ್ತಿಟ್ಟ ಚಾಪೆಯನ್ನು ಬಿಡಿಸಿದ ಹಾಗೆ, ತೆಳುವಾದ ಹಾಳೆಯನ್ನು ಸುಲಿದು ತೆಗೆಯುತ್ತಾರೆ. ತೇಗದಂಥ ಅಲಂಕಾರದ ಪದರನ್ನು ಮಾತ್ರ ಹೀಗೆ ಸುಲಿಯದೆ, ನಾರಿನ ಚಿತ್ತಾರ ಕೆಡದಿರಲೆಂದು, ಹೋಳು ಹೋಳಾಗಿ ಹೆರೆದು ತೆಗೆಯುವುದುಂಟು. ದುಂಡಗಿದ್ದ ಮರ ಚಪ್ಪಟೆಯಾಗುವಾಗ ಹಾಳೆಯ ಒಳಮಗ್ಗುಲಿನಲ್ಲಿ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬಿರುಕುಗಳೇಳುತ್ತವೆ. ಅಂದರೆ ಮುಂದೆ ಸೀಳುವುದಕ್ಕೆ ಬೇಕಾದ ದಾರಿ ಹುಟ್ಟಿನಲ್ಲಿಯೇ ಸಿದ್ಧವಾಗಿರುತ್ತದೆ. ಇಂಥ ಹಾಳೆಗಳನ್ನು, ಒಂದರ ನಾರು ಉದ್ದಕ್ಕಿದ್ದರೆ ಮುಂದಿನದರ ನಾರು ಅಡ್ಡಕ್ಕಿರುವಂತೆ, ಮೂರು, ಐದು, ಏಳು, ಒಂಬತ್ತು ಎಂದು ಬೆಸಸಂಖ್ಯೆಯಲ್ಲಿ ಪೇರಿಸಿ, ನಡುನಡುವೆ ಅಂಟು ಬಳಿದು, ಬಿಸಿಯಾದ ಒತ್ತುಯಂತ್ರದಲ್ಲಿ ಅದುಮಿ ಹಲಗೆ ಮಾಡುತ್ತಾರೆ. ಒಂದು ಪದರಿನ ದೌರ್ಬಲ್ಯವನ್ನು ಇನ್ನೊಂದು ಪದರು ಹೊತ್ತುಕೊಳ್ಳುವುದರಿಂದಲೇ ಪ್ಲೈವುಡ್ಡು ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುವ ತೊಂದರೆಗೆ ಹೆಚ್ಚಾಗಿ ಸಿಕ್ಕುವುದಿಲ್ಲ.

ಆದರೆ ಈ ಪರಸ್ಪರ ಸಹಾಯ ಕಟ್ಟಕಡೆಯ ಪದರಿಗೆ ಒಂದೇ ಕಡೆಯಿಂದ ದೊರೆಯುತ್ತದೆ. ಹೊರಮೈಯ ಆ ಪದರು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಅಗ್ಗದ ಹಲಗೆಗಳಲ್ಲಿ ಅದಕ್ಕಿಂತಲೂ ತೆಳುವಾಗಿ, ಲಗ್ನಪತ್ರಿಕೆಯ ಕಾಗದದಷ್ಟೇ ದಪ್ಪವುಳ್ಳದ್ದಾಗಿರುತ್ತದೆ. ಅದರ ಒಂದು ಮಗ್ಗುಲಿಗೆ ಅಂಟಿದೆ, ಇನ್ನೊಂದು ಮಗ್ಗುಲಿಗೆ ಬರಿಯ ಗಾಳಿಯಿದೆ. ಒಳಗಿನಿಂದ ಬಂದ ಯಾವುದೇ ಒತ್ತಡವನ್ನು ಅದು ತನ್ನ ನಾರಿನ ಬಲದಿಂದಲೇ ತಡೆಯಬೇಕು. ಅಂಗಡಿಯವರು ಐ.ಎಸ್. 303 ಎಂಬ ಗುರುತಿನ ಹಲಗೆಗೆ ಬದಲಾಗಿ ಐ.ಎಸ್. 710 ಗುರುತಿನ ಹಲಗೆಯನ್ನು ಕೊಂಡರೆ ಈ ತಾಪತ್ರಯವೇ ಇಲ್ಲವೆಂದು ಹೇಳುವುದನ್ನು ಕೇಳಿದ್ದೇನೆ. ಎರಡನೆಯದರ ಅಂಟು 72 ಗಂಟೆಗಳ ಕಾಲ ಕುದಿಯುವ ನೀರಿನಲ್ಲಿದ್ದರೂ ಬಿಡಬಾರದೆಂಬ ನಿಯಮವಿರುವುದು ನಿಜ. ಅಡುಗೆಮನೆಗೆ, ಬಚ್ಚಲಿನ ನೆರೆಗೆ ಅದು ಯೋಗ್ಯವೆಂಬುದೂ ನಿಜ. ಆದರೆ ಅಂಟು ಎಷ್ಟು ಗಟ್ಟಿಯಾದರೇನು, ಮರದ ನಾರೇ ಸೀಳಿಕೊಂಡು ಎದ್ದುಬಂದರೆ ಅಂಟು ಮಾಡುವುದೇನು? ನನ್ನ ಅನುಭವದಲ್ಲಿ ಗುರುತಿಗಿಂತ ಹಲಗೆಯ ಕೊಯ್ದ ಅಂಚನ್ನು ನೋಡಿ ಕೊಳ್ಳುವುದು ಮೇಲು. ಪದರುಗಳ ನಡುವೆ ಕಪ್ಪನೆಯ ಸಂದುಗಳು ಕಂಡರೆ ಒಳಗೆ ಟೊಳ್ಳಿದೆಯೆಂದರ್ಥ. ಟೊಳ್ಳಿನ ಮೇಲಿರುವ ಪದರಿಗೆ ಒಂದು ಕಡೆಯ ಆಸರೆಯೂ ಇಲ್ಲ.

ಇನ್ನು ಕೊರೆಯುವ ಆಯುಧದ ಕಡೆಗೆ ಬರೋಣ. ಮನೆಮನೆಯ ಡ್ರಿಲ್ ಪೆಟ್ಟಿಗೆಯಲ್ಲಿರುವ ತಿರುಚಿದ ತೋಡುಗಳುಳ್ಳ ಸಾಮಾನ್ಯ ಬಿಟ್, ಅಮೆರಿಕದ ಸ್ಟೀಫನ್ ಮೋರ್ಸ್ ಎಂಬಾತ 1863ರಲ್ಲಿ ಹಕ್ಕುಪತ್ರ ಪಡೆದ ರೂಪದಿಂದ ಬೆಳೆದುಬಂದದ್ದು. ಅದು ಲೋಹಕ್ಕೆಂದೇ ಬಳಕೆಗೆ ಬಂದ ಸಾಧನ. ಅದರ ಮೊನೆ ಸಾಮಾನ್ಯವಾಗಿ 118 ಡಿಗ್ರಿಯ ಮೊಂಡು ಕೋನದಲ್ಲಿರುತ್ತದೆ, ಮತ್ತು ಅದರ ನಟ್ಟನಡುವೆ, ಎರಡು ಅಲಗುಗಳು ಕೂಡುವೆಡೆಯಲ್ಲಿ, ಒಂದು ಕಿರಿದಾದ ಅಡ್ಡ ಅಂಚು ಇರುತ್ತದೆ. ಬೀಸುವ ಕಲ್ಲಿನಲ್ಲಿ ಅಂಚು ಎಷ್ಟೇ ರಭಸದಿಂದ ಸುತ್ತಿದರೂ ಗೂಟದ ಬುಡದಲ್ಲಿ ಚಲನೆಯೇ ಇಲ್ಲದಿರುವಂತೆ, ಬಿಟ್ಟಿನ ಈ ನಡುವಣ ಅಂಚು ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದು, ಕತ್ತರಿಸುವುದಕ್ಕೆ ಬದಲಾಗಿ ಮರವನ್ನು ಮುಂದಕ್ಕೆ ದೂಡುತ್ತದೆ. ಹಲಗೆಯ ನಡುವಿನಲ್ಲಿರುವವರೆಗೆ ಇದರಿಂದ ಬಾಧಕವಿಲ್ಲ. ಮುಂದಿರುವ ಮರ ದಪ್ಪವಾಗಿದ್ದು ಆ ನೂಕನ್ನು ತಾಳಿಕೊಳ್ಳುತ್ತದೆ. ಆದರೆ ಇನ್ನೊಂದು ಮಿಲಿಮೀಟರು ಮಾತ್ರ ಉಳಿದಿದೆಯೆನ್ನುವಾಗ, ಅಲಗು ಬಂದು ಮುಟ್ಟುವ ಮೊದಲೇ, ಆ ಕಡೆಯ ಪದರು ಹೊರಕ್ಕೆ ಉಬ್ಬಿ, ಬಾಗಿ, ತನ್ನ ನಾರಿನ ಜಾಡು ಹಿಡಿದು ಸೀಳಿಬಿಡುತ್ತದೆ. ಸೀಳು ರಂಧ್ರದ ಪರಿಧಿಯಲ್ಲಿ ನಿಲ್ಲುವುದಿಲ್ಲ. ಹೊರಮೈಯ ನಾರು ಯಾವ ದಿಕ್ಕಿಗೆ ಓಡುತ್ತದೆಯೋ ಆ ದಿಕ್ಕಿಗೆ, ರಂಧ್ರದಾಚೆಗೂ ಓಡಿ, ಎಲ್ಲಿಯೋ ಒಂದು ಕಡೆ ಮುರಿಯುತ್ತದೆ. ಆಚಾರ್ರುಗಳು "ಚಕ್ಕೆ ಎದ್ದಿತು" ಎನ್ನುವುದು ಇದಕ್ಕೇ.

ಹೀಗಿರುವುದರಿಂದ ಪರಿಹಾರಗಳೂ ಎರಡೇ ತೆರನಾಗಿರಲು ಸಾಧ್ಯ. ಕಡೆಯ ಪದರು ಬಾಗದಂತೆ ಅದಕ್ಕೆ ಹೊರಗಿನಿಂದ ಆಸರೆ ಕೊಡುವುದು ಒಂದು. ಅದು ಬಾಗುವುದಕ್ಕೆ ಮೊದಲೇ ರಂಧ್ರದ ಅಂಚಿನುದ್ದಕ್ಕೂ ನಾರನ್ನು ಕತ್ತರಿಸಿಟ್ಟು, ಎದ್ದ ಚಕ್ಕೆ ರಂಧ್ರದ ಒಳಗಿನದೇ ಆಗಿರುವಂತೆ ನೋಡಿಕೊಳ್ಳುವುದು ಇನ್ನೊಂದು. ಟೇಪು, ಮೇಣ, ವೇಗ, ಬಿಟ್ಟಿನ ಆಕಾರ ಎಂದು ಜನ ಹೇಳುವ ನಾನಾ ಉಪಾಯಗಳನ್ನೆಲ್ಲ ಈ ಎರಡು ಪ್ರಶ್ನೆಗಳಿಂದ ಪರೀಕ್ಷಿಸಿ ನೋಡಬಹುದು: ಇದು ಆಸರೆ ಕೊಡುತ್ತದೆಯೆ? ಇಲ್ಲವೆ ಇದು ಅಂಚನ್ನು ಮೊದಲು ಕತ್ತರಿಸುತ್ತದೆಯೆ? ಎರಡೂ ಇಲ್ಲವಾದರೆ ಆ ಉಪಾಯಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಆಸರೆಗಳಲ್ಲೆಲ್ಲ ಶ್ರೇಷ್ಠವಾದದ್ದೂ, ಕಾಸು ಖರ್ಚಿಲ್ಲದ್ದೂ ಎಂದರೆ ಅಡಿಹಲಗೆ. ಚಪ್ಪಲಿ ಹೊಲಿಯುವವರು ತೊಗಲಿಗೆ ತೂತು ಹೊಡೆಯುವಾಗ ಅದನ್ನು ಮರದ ಕೊರಡಿನ ಮೇಲಿಟ್ಟುಕೊಳ್ಳುವುದನ್ನು ನೋಡಿದ್ದೇವೆ. ಇಲ್ಲಿಯ ತತ್ತ್ವವೂ ಅದೇ. ಬಿಟ್ ಹೊರಬರುವ ಕಡೆಗೆ ಒಂದು ತುಂಡು ಮರವನ್ನು ಬಿಗಿಯಾಗಿ ಒತ್ತಿಟ್ಟರೆ, ಬಿಟ್ಟಿನ ದೃಷ್ಟಿಯಲ್ಲಿ ಹಲಗೆ ಮುಗಿಯುವುದೇ ಇಲ್ಲ. ಅದು ಎರಡೂ ಮರಗಳನ್ನು ಒಂದೆಂದೇ ಬಗೆದು, ಅಡಿಯ ತುಂಡಿನೊಳಕ್ಕೆ ಎರಡು ಮೂರು ಮಿಲಿಮೀಟರು ಇಳಿದು ನಿಲ್ಲುತ್ತದೆ. ಇಷ್ಟು ಸುಲಭವಾದ ವಿಷಯದಲ್ಲಿಯೂ ತಪ್ಪುವವರು ಬಹಳ. ಅಡಿಹಲಗೆ ಇಟ್ಟಿದ್ದೆವು, ಆದರೂ ಚಕ್ಕೆ ಎದ್ದಿತು ಎನ್ನುವವರ ಕೆಲಸವನ್ನು ಹತ್ತಿರದಿಂದ ನೋಡಿದರೆ, ಸಾಮಾನ್ಯವಾಗಿ ಎರಡು ಹಲಗೆಗಳ ನಡುವೆ ಒಂದು ಚಿಟಿಕೆ ಮರದ ಹೊಟ್ಟು ಸಿಕ್ಕಿಕೊಂಡಿರುತ್ತದೆ, ಇಲ್ಲವೆ ಅಡಿಹಲಗೆಯೇ ಸೊಟ್ಟಗಿರುತ್ತದೆ. ಪೋಸ್ಟುಕಾರ್ಡು ತೂರುವಷ್ಟು ಸಂದಿದ್ದರೂ ಪದರು ಬಾಗಿ ಮುರಿಯಲು ಅಷ್ಟೇ ಸಾಕು. ಆದುದರಿಂದ ಪ್ರತಿಯೊಂದು ಸಲವೂ ಎರಡು ಮೈಗಳನ್ನೂ ಬಟ್ಟೆಯಿಂದ ಒರಸಿ, ರಂಧ್ರದ ಸ್ಥಾನಕ್ಕೆ ಆದಷ್ಟು ಸಮೀಪದಲ್ಲಿ ಕ್ಲಾಂಪು ಹಾಕಿ ಬಿಗಿಯತಕ್ಕದ್ದು. ಕ್ಲಾಂಪಿನ ಬಾಯಿ ಪಾಲಿಶಿನ ಮೇಲೆ ಕಲೆ ಮಾಡದಂತೆ ಅದರಡಿಗೂ ಒಂದು ಚೂರು ಹಲಗೆ ಇಡಬೇಕು. ಥರ್ಮಾಕೋಲು, ಮಡಿಸಿದ ವೃತ್ತಪತ್ರಿಕೆ, ಹಳೆಯ ಗೋಣಿಚೀಲ, ಇವು ಅಡಿಹಲಗೆಗಳಲ್ಲ. ಇವು ಮೆತ್ತಗಿದ್ದು, ಪದರು ಬಾಗಲು ಹೊರಟಾಗ ತಾವೂ ಸರಿದು ಅದಕ್ಕೆ ಜಾಗ ಮಾಡಿಕೊಡುತ್ತವೆ.

ಇನ್ನೊಂದು ಎಚ್ಚರಿಕೆ. ಅಡಿಹಲಗೆಯ ಮೇಲೆ ಒಮ್ಮೆ ಕೊರೆದ ಜಾಗವನ್ನು ಮತ್ತೆ ಉಪಯೋಗಿಸಬಾರದು. ಹಿಂದಿನ ತೂತಿನ ಬಾಯಿಯ ಮೇಲೆ ಹೊಸ ರಂಧ್ರ ಬಂದರೆ ಆಸರೆ ಇಲ್ಲದಂತೆಯೇ ಆಯಿತು. ಕಪಾಟಿನ ಅಡ್ಡಹಲಗೆಗಳನ್ನು ಕೂರಿಸುವ ಸಣ್ಣ ಗೂಟಗಳಿಗಾಗಿ ಸಾಲಾಗಿ ಇಪ್ಪತ್ತು ಮೂವತ್ತು ರಂಧ್ರ ಕೊರೆಯುವಾಗ ಈ ತಪ್ಪು ಸುಲಭವಾಗಿ ಆಗುತ್ತದೆ. ಉದ್ದನೆಯ ಪಟ್ಟಿಯೊಂದನ್ನು ಇಟ್ಟುಕೊಂಡು ಪ್ರತಿ ರಂಧ್ರಕ್ಕೂ ಒಂದು ಬೆರಳಗಲ ಸರಿಸುತ್ತ ಹೋಗುವುದು ಒಳ್ಳೆಯದು. ಬಾಗಿಲು ಈಗಾಗಲೇ ಕಪಾಟಿಗೆ ಸೇರಿಹೋಗಿದ್ದು ಕ್ಲಾಂಪು ಹಾಕಲು ಎಡೆಯಿಲ್ಲದಿದ್ದರೆ, ಎರಡು ಮೈಗೂ ಅಂಟಿರುವ ಟೇಪಿನಿಂದ ಅಡಿಹಲಗೆಯನ್ನು ಅಂಟಿಸಬಹುದು. ಮನೆಯವರೊಬ್ಬರು ಹಿಂದಿನಿಂದ ಕೈಯಲ್ಲಿ ಒತ್ತಿ ಹಿಡಿಯಲಿ ಎಂಬ ಸಲಹೆಯನ್ನು ನಾನು ಕೊಡಲಾರೆ; ಬಿಟ್ ದಾಟಿ ಬರುವ ಕಡೆಯಲ್ಲಿ ಯಾರ ಅಂಗೈಯೂ ಇರಕೂಡದು.

ಅಂಚನ್ನು ಮೊದಲು ಕತ್ತರಿಸುವ ಎರಡನೆಯ ಮಾರ್ಗಕ್ಕೆ ತಕ್ಕ ಬಿಟ್ ಬೇಕು, ಮತ್ತು ಅದನ್ನು ಕೊಳ್ಳಲು ಹೋದವರಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಎದುರಾಗುವ ಪ್ರಶ್ನೆ ಒಂದೇ: "ಗೋಡೇದಾ, ಕಬ್ಬಿಣದ್ದಾ, ಮರದ್ದಾ ಸಾರ್?" ಗೋಡೆಯ ಬಿಟ್ಟನ್ನು ಮರಕ್ಕೆ ಎಂದೂ ತಾಗಿಸಬಾರದು. ಅದರ ತುದಿಗೆ ಬೆಸೆದ ಗಡುಸಾದ ತುಂಡು ಕಲ್ಲನ್ನೂ ಇಟ್ಟಿಗೆಯನ್ನೂ ಜಜ್ಜಿ ಪುಡಿಮಾಡಲೆಂದು ಹುಟ್ಟಿದ್ದೇ ಹೊರತು ನಾರನ್ನು ಕೊಯ್ಯಲಿಕ್ಕಲ್ಲ. ಮರದಲ್ಲಿ ಅದು ಉಜ್ಜಿ, ಹೊಗೆಯೆಬ್ಬಿಸಿ, ಕಡೆಗೆ ಬೆನ್ನನ್ನು ಒಡೆದುಕೊಂಡು ಹೊರಬರುತ್ತದೆ. ಇದರ ಜೊತೆಗೇ ಡ್ರಿಲ್ಲಿನ ತಲೆಯ ಮೇಲಿನ ಗುಂಡಿ ಸುತ್ತಿಗೆಯ ಗುರುತಿನಲ್ಲಿದ್ದರಂತೂ ಆ ಹಲಗೆಯ ಆಸೆಯನ್ನು ಬಿಡಬಹುದು. ಗೋಡೆಗೆ ಮೊಳೆ ಕೂರಿಸಿದ ಮರುದಿನ ಅದೇ ಡ್ರಿಲ್ಲನ್ನು ಅದೇ ಸ್ಥಿತಿಯಲ್ಲಿ ಮರಕ್ಕೆ ಹಿಡಿಯುವುದು ನಮ್ಮ ಮನೆಗಳಲ್ಲಿ ಅಪರೂಪವಲ್ಲ.

"ಮರದ್ದು" ಎಂದು ಕೇಳಿದಾಗ ಒಳ್ಳೆಯ ಅಂಗಡಿಯವನು ಮುಂದಿಡುವುದು ಮೂರು ಮೊನೆಯ ಬಿಟ್ಟನ್ನು. ದೂರದಿಂದ ನೋಡಿದರೆ ಇದೂ ತಿರುಚಿದ ಬಿಟ್ಟೇ. ತುದಿಯನ್ನು ಬೆಳಕಿಗೆ ಹಿಡಿದರೆ ನಡುವೆ ಸೂಜಿಯಂಥ ಒಂದು ಮೊನೆಯೂ, ಎರಡು ಅಂಚುಗಳಲ್ಲಿ ಕಿವಿಗಳಂತೆ ಮೇಲೆದ್ದ ಎರಡು ಪುಟ್ಟ ಅಲಗುಗಳೂ ಕಾಣುತ್ತವೆ. ನಡುವಣ ಮೊನೆ ಗುರುತಿನ ಮೇಲೆ ನಾಟಿಕೊಂಡು ಬಿಟ್ ಅತ್ತಿತ್ತ ಜಾರದಂತೆ ಹಿಡಿಯುತ್ತದೆ. ಅಂಚಿನ ಅಲಗುಗಳು, ಕೈವಾರದ ಕಾಲಿಗೆ ಚಾಕು ಕಟ್ಟಿ ಸುತ್ತಿಸಿದ ಹಾಗೆ, ಮೊದಲು ನಾರನ್ನು ವೃತ್ತಾಕಾರವಾಗಿ ಕೊಯ್ದುಬಿಡುತ್ತವೆ. ಹಿಂದಿನಿಂದ ಬರುವ ಅಲಗು ಆ ವೃತ್ತದೊಳಗಿನ ಮರವನ್ನು ಮಾತ್ರ ಎತ್ತಿಹಾಕುತ್ತದೆ. ಕೊಳ್ಳುವಾಗ ಆ ಕಿವಿಗಳನ್ನು ಹೆಬ್ಬೆರಳಿನಿಂದ ಮೆಲ್ಲನೆ ಮುಟ್ಟಿ ನೋಡಬೇಕು. ಅಗ್ಗದ ಬಿಟ್ಟುಗಳಲ್ಲಿ ಕಿವಿಗಳಿರುತ್ತವೆ, ಹರಿತವಿರುವುದಿಲ್ಲ. ಅವು ಕೊಯ್ಯದೆ ಗೀಚುತ್ತವೆ, ಹೆಸರಿಗೆ ಮಾತ್ರ ಮರದ ಬಿಟ್.

ಸುಮಾರು 12 ಮಿ.ಮೀ.ಗೆ ಮೇಲ್ಪಟ್ಟ ರಂಧ್ರಗಳಿಗೆ ಚಪ್ಪಟೆಯ ಬಿಟ್ ಬರುತ್ತದೆ. ಇದು ಸೋವಿ, ಇದರ ವೇಗವೂ ಹೆಚ್ಚು, ಇದರ ಒರಟುತನವೂ ಹೆಚ್ಚು. ಬೆನ್ನನ್ನು ಒಡೆಯುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. ಆದರೆ ಇದರ ನಡುವೆ ನೀಳವಾದ ಮೊನೆಯೊಂದಿರುವುದರಿಂದ, ಮುಂದೆ ಹೇಳುವ ಎರಡು ಕಡೆಯ ವಿಧಾನಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಇದಕ್ಕೆ ತದ್ವಿರುದ್ಧವಾದ ಸೌಮ್ಯಸ್ವಭಾವದ್ದು, ಬೆಂಜಮಿನ್ ಫಾರ್ಸ್ಟ್‌ನರ್ ಎಂಬಾತ 1874ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದು, ಇಂದಿಗೂ ಆತನ ಹೆಸರಿನಿಂದಲೇ ಪ್ರಸಿದ್ಧವಾಗಿರುವ ಬಿಟ್. ಇದರ ಹೊರ ಅಂಚು ಬಟ್ಟಲಿನ ಬಾಯಿಯಂತೆ ದುಂಡಗಿದ್ದು, ಆ ದುಂಡು ಅಂಚೇ ಗೋಡೆಗೆ ಆತು ಬಿಟ್ಟನ್ನು ನಡೆಸುವುದರಿಂದ, ರಂಧ್ರದ ಒಳಗೋಡೆ ನಯವಾಗಿಯೂ ತಳ ಸಮವಾಗಿಯೂ ಬರುತ್ತವೆ. ಅಡುಗೆಮನೆಯ ಕಪಾಟಿನ ಬಟ್ಟಲು ಹಿಂಜಿಗೆ ಬೇಕಾದ 35 ಮಿ.ಮೀ.ನ ಕುಳಿಯನ್ನು ಇದರಿಂದಲೇ ಕೊರೆಯುವುದು.

ಆ ಕುಳಿಯ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ರಂಧ್ರ ಆಚೆಗೆ ದಾಟುವುದಿಲ್ಲವಾದ್ದರಿಂದ ಜನ ನಿಶ್ಚಿಂತರಾಗಿರುತ್ತಾರೆ. ಕುಳಿಯ ಆಳ 12 ರಿಂದ 13 ಮಿ.ಮೀ.; ಹಲಗೆ 18 ಮಿ.ಮೀ.; ಉಳಿಯುವುದು 5 ರಿಂದ 6 ಮಿ.ಮೀ. ಆದರೆ ಬಿಟ್ಟಿನ ನಡುವಣ ಮೊನೆ ಅಲಗಿಗಿಂತ ಎರಡು ಮೂರು ಮಿಲಿಮೀಟರು ಮುಂದಿರುತ್ತದೆ. ಕೈ ಸ್ವಲ್ಪ ಮರೆತು ಇನ್ನಷ್ಟು ಒತ್ತಿದರೆ, ಬಾಗಿಲಿನ ಮುಖದ ಮೇಲೆ, ಎಲ್ಲರ ಕಣ್ಣಿಗೂ ಬೀಳುವ ಕಡೆ, ಮೊಡವೆಯಂಥ ಉಬ್ಬೊಂದು ಏಳುತ್ತದೆ. ಬಿಟ್ಟಿಗೆ ಬೇಕಾದ ಆಳಕ್ಕೆ ಸರಿಯಾಗಿ ಒಂದು ಸುತ್ತು ಬಣ್ಣದ ಟೇಪು ಸುತ್ತಿಕೊಂಡು, ಟೇಪು ಹಲಗೆಯನ್ನು ಮುಟ್ಟಿದೊಡನೆ ನಿಲ್ಲಿಸುವುದು ಕ್ಷೇಮ. ಕುಳಿ ಹಲಗೆಯ ಅಂಚಿಗೆ ಐದಾರು ಮಿಲಿಮೀಟರು ಮಾತ್ರ ದೂರವಿರುವುದರಿಂದ ಆ ತೆಳುಗೋಡೆ ಹೊರಕ್ಕೆ ಸಿಡಿಯುವ ಭಯವೂ ಉಂಟು. ಅಂಚಿಗೊಂದು ಪಟ್ಟಿಯನ್ನು ಆನಿಸಿ ಕ್ಲಾಂಪು ಬಿಗಿದರೆ ಆ ಭಯವಿಲ್ಲ. ಇದೂ ಆಸರೆಯ ತತ್ತ್ವವೇ, ದಿಕ್ಕು ಮಾತ್ರ ಬೇರೆ.

ಎರಡು ಕಡೆಯಿಂದ ಕೊರೆಯುವ ವಿಧಾನ ನನಗೆ ಬಹಳ ಪ್ರಿಯವಾದದ್ದು. ಮೇಜಿನ ಮೇಲೆ ಗಣಕಯಂತ್ರದ ತಂತಿಗಳು ಇಳಿಯಲೆಂದು 60 ಮಿ.ಮೀ.ನ ದೊಡ್ಡ ರಂಧ್ರ ಬೇಕಾದಾಗ, ಹಲ್ಲುಗಳುಳ್ಳ ಬಳೆಯಾಕಾರದ ಗರಗಸವನ್ನು, ಅಂದರೆ ಅಂಗಡಿಯವರು ಹೋಲ್ ಸಾ ಎನ್ನುವುದನ್ನು, ಡ್ರಿಲ್ಲಿಗೆ ಸಿಕ್ಕಿಸುತ್ತೇವಷ್ಟೆ. ಅದರ ನಡುವಿನ ಸಣ್ಣ ಬಿಟ್ ಹಲಗೆಯ ಆಚೆಗೆ ಇಣುಕಿದೊಡನೆ ಕೆಲಸವನ್ನು ನಿಲ್ಲಿಸಿ, ಹಲಗೆಯನ್ನು ಮಗುಚಿ, ಇಣುಕಿದ ಆ ಸಣ್ಣ ತೂತಿಗೇ ಬಿಟ್ಟನ್ನು ಇಳಿಸಿ, ಆ ಕಡೆಯಿಂದ ಮಿಕ್ಕದ್ದನ್ನು ಕೊರೆಯಬೇಕು. ಎರಡು ಕೊರೆತಗಳೂ ಹಲಗೆಯ ನಡುವೆ, ಯಾರ ಕಣ್ಣಿಗೂ ಬೀಳದೆಡೆಯಲ್ಲಿ, ಒಂದನ್ನೊಂದು ಸಂಧಿಸುತ್ತವೆ. ಎರಡು ಮುಖಗಳಿಗೂ ಬಿಟ್ ಪ್ರವೇಶಿಸುವ ಅನುಭವವೇ ಹೊರತು ಹೊರಬೀಳುವ ಅನುಭವವಿಲ್ಲ. ಇದರಿಂದ ಇನ್ನೊಂದು ಲಾಭವೂ ಇದೆ: ಕೊಯ್ದ ಬಿಲ್ಲೆ ಗರಗಸದೊಳಗೆ ಕಚ್ಚಿಕೊಂಡರೂ ಅದರ ಅರ್ಧ ದಪ್ಪ ಹೊರಗೆ ಚಾಚಿಕೊಂಡಿರುವುದರಿಂದ ಕೀಳುವುದು ಸುಲಭ. ಚಪ್ಪಟೆಯ ಬಿಟ್ಟಿಗೂ ಇದೇ ಕ್ರಮ. 6 ಮಿ.ಮೀ.ನ ತೆಳುಹಲಗೆಯಲ್ಲಿ ಮಾತ್ರ, ಅಲಗು ಮರವನ್ನು ಮುಟ್ಟುವುದಕ್ಕೆ ಮೊದಲೇ ನಡುವಣ ನೀಳಮೊನೆ ಆಚೆಗೆ ಹೊರಟುಹೋಗಿರುತ್ತದಾದ್ದರಿಂದ, ನಿಲ್ಲಿಸಬೇಕಾದ ಗಳಿಗೆ ತಿಳಿಯುವುದಿಲ್ಲ. ಅಲ್ಲಿ ಅಡಿಹಲಗೆಯನ್ನೇ ನಂಬಬೇಕು.

ಸಾಮಾನ್ಯ ತಿರುಚು ಬಿಟ್ ಮಾತ್ರ ಇರುವವರು, ಮೊದಲು 2 ಅಥವಾ 3 ಮಿ.ಮೀ.ನ ಸಣ್ಣ ಬಿಟ್ಟಿನಿಂದ ಪೂರ್ತಿ ದಾಟುವಂತೆ ಒಂದು ದಾರಿ ಮಾಡಿಕೊಂಡು, ಅನಂತರ ದೊಡ್ಡ ಬಿಟ್ಟಿನಿಂದ ಎರಡು ಕಡೆಯಿಂದಲೂ ಅರ್ಧರ್ಧ ಕೊರೆಯಬಹುದು. ಆದರೆ 10 ಮಿ.ಮೀ. ರಂಧ್ರಕ್ಕೆ ಮೊದಲು 8 ಮಿ.ಮೀ. ಕೊರೆದು ಆಮೇಲೆ ಹಿಗ್ಗಿಸುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ನಡುವೆ ಮರವೇ ಇಲ್ಲದಿದ್ದಾಗ ದೊಡ್ಡ ಬಿಟ್ಟಿನ ಅಲಗುಗಳು ತಿರುಪಿನ ಎಳೆಗಳಂತೆ ರಂಧ್ರದ ಅಂಚನ್ನು ಕಚ್ಚಿ ತಮ್ಮನ್ನು ತಾವೇ ಒಳಕ್ಕೆಳೆದುಕೊಳ್ಳುತ್ತವೆ; ಮೇಲಿನ ಮುಖದಲ್ಲಿಯೇ ಚಕ್ಕೆ ಏಳುವುದು ಹೆಚ್ಚಾಗಿ ಆಗಲೇ.

ಮೇಲಿನ ಮುಖಕ್ಕೆ, ವಿಶೇಷವಾಗಿ ಅಲಂಕಾರದ ಪದರಿರುವಲ್ಲಿ, ಇನ್ನೊಂದು ಸುಲಭೋಪಾಯವಿದೆ. ಡ್ರಿಲ್ಲನ್ನು ಹಿಮ್ಮುಖವಾಗಿ ತಿರುಗುವಂತೆ ಇಟ್ಟು, ಒತ್ತದೆ, ಒಂದೆರಡು ಕ್ಷಣ ಬಿಟ್ಟನ್ನು ಗುರುತಿನ ಮೇಲೆ ಆಡಿಸಿದರೆ ಅದು ಕೊರೆಯದೆ ಮೇಲ್ಪದರನ್ನು ಮಾತ್ರ ದುಂಡಗೆ ಸವೆಸಿಬಿಡುತ್ತದೆ. ಅನಂತರ ಮುಮ್ಮುಖವಾಗಿ ಕೊರೆಯಬಹುದು. ಮೈಕಾ ಹಾಳೆ ಅಂಟಿಸಿದ ಹಲಗೆಯಾದರೆ ಯಾವಾಗಲೂ ಮೈಕಾ ಇರುವ ಕಡೆಯಿಂದಲೇ ತೊಡಗಬೇಕು. ಅದು ನಾರಿನಂತೆ ಸೀಳುವುದಿಲ್ಲ, ಪಿಂಗಾಣಿಯಂತೆ ಸಿಡಿಯುತ್ತದೆ. ಮತ್ತು ಬಿಟ್ ಅದರ ಮೇಲೆ ಎಣ್ಣೆ ಸವರಿದ ಕಲ್ಲಿನ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಮೊದಲು ಮೊಳೆಯ ತುದಿಯಿಂದ ಒಂದು ಚುಕ್ಕೆ ಕುಟ್ಟಿಕೊಂಡರೆ ಜಾರುವುದಿಲ್ಲ.

ಇಷ್ಟೆಲ್ಲವನ್ನೂ ಕೇಳಿ ತಿಳಿದ ಮೇಲೂ ನನಗೆ ಸಮಾಧಾನವಾಗದೆ, ಒಂದು ಭಾನುವಾರ 12 ಮಿ.ಮೀ.ನ ಅಗ್ಗದ ಹಲಗೆಯ ಎರಡು ಗೇಣು ತುಂಡನ್ನು ಎರಡು ಕುರ್ಚಿಗಳ ಮೇಲಿಟ್ಟುಕೊಂಡು ಪರೀಕ್ಷೆಗೆ ಕುಳಿತೆ. 10 ಮಿ.ಮೀ.ನ ತಿರುಚು ಬಿಟ್ಟಿನಿಂದ, ಏನೂ ಆಸರೆಯಿಲ್ಲದೆ ಕೊರೆದ ಮೊದಲ ರಂಧ್ರದ ಬೆನ್ನಿನಲ್ಲಿ ರಂಧ್ರದಷ್ಟೇ ಉದ್ದದ ಚಕ್ಕೆ ಎರಡು ಕಡೆಗೂ ಎದ್ದು, ಮೀಸೆ ಬರೆದ ಹಾಗಾಯಿತು. ಎರಡನೆಯದಕ್ಕೆ ಬೆನ್ನಿಗೆ ಮಾಸ್ಕಿಂಗ್ ಟೇಪು ಅಂಟಿಸಿದ್ದೆ; ಬಿಟ್ ದಾಟಿದ ಮೇಲೆ ಚಕ್ಕೆ ಅಲ್ಲಿಯೇ ಇದ್ದಂತೆ ಕಂಡಿತು, ಟೇಪನ್ನು ಕಿತ್ತಾಗ ಅದರ ಜೊತೆಗೇ ಬಂದಿತು. ಟೇಪಿನ ಮೇಲೆ ಅನೇಕರಿಗೆ ಇರುವ ಭಕ್ತಿ ನನಗೆ ಅಂದಿನಿಂದ ಕಡಿಮೆಯಾಗಿದೆ. ಅದು ಬಾಗಬಲ್ಲ ವಸ್ತು. ಬಾಗುವುದನ್ನು ತಡೆಯಲು ಬಾಗುವುದೇ ಬಂದರೆ ಪ್ರಯೋಜನ ಅಷ್ಟಕ್ಕಷ್ಟೆ. ಸಣ್ಣ ಸಿಬಿರುಗಳು ಏಳದಂತೆ ಅದು ಹಿಡಿದಿಡುತ್ತದೆ, ಪೆನ್ಸಿಲಿನ ಗುರುತು ಚೆನ್ನಾಗಿ ಕಾಣುವಂತೆ ಮಾಡುತ್ತದೆ, ಅಷ್ಟು ಮಾತ್ರ. ಕೀಳುವಾಗಲೂ ರಂಧ್ರದ ಕಡೆಗೆ, ಮೈಗೆ ಮಲಗಿಸಿದಂತೆ, ನಿಧಾನವಾಗಿ ಎಳೆಯಬೇಕು. ಮೂರನೆಯ ರಂಧ್ರಕ್ಕೆ, ಬೇಕೆಂದೇ, ಹಳೆಯ ತೂತಿರುವ ಅಡಿಹಲಗೆ ಕೊಟ್ಟೆ. ಮೊದಲನೆಯದಕ್ಕೂ ಇದಕ್ಕೂ ಹೆಚ್ಚು ಭೇದ ಕಾಣಲಿಲ್ಲ. ನಾಲ್ಕನೆಯದಕ್ಕೆ ಹೊಸ ಅಡಿಹಲಗೆಯನ್ನು ಕ್ಲಾಂಪಿನಿಂದ ಬಿಗಿದೆ: ಅಂಚು ಸ್ವಚ್ಛ, ಬೆರಳಿಗೆ ತಾಗುವಂಥ ನವಿರು ಕೂದಲಿನಷ್ಟು ನಾರು ಮಾತ್ರ. ಐದನೆಯದನ್ನು ಅಡಿಹಲಗೆಯಿಲ್ಲದೆ ಮೂರು ಮೊನೆಯ ಬಿಟ್ಟಿನಿಂದ ಕೊರೆದೆ. ಮೀಸೆ ಹೋಗಿ ಸಣ್ಣ ಗಾಯವೊಂದು ಉಳಿಯಿತು. ಆರನೆಯದಕ್ಕೆ ಅದೇ ಬಿಟ್ಟಿನ ಜೊತೆಗೆ ಅಡಿಹಲಗೆಯನ್ನೂ ಕೊಟ್ಟಾಗ, ಯಾವುದು ಮುಖ ಯಾವುದು ಬೆನ್ನು ಎಂಬುದನ್ನು ನಾನೇ ಮರೆತು, ಗುರುತು ನೋಡಿ ತಿಳಿದುಕೊಳ್ಳಬೇಕಾಯಿತು.

ಕೈಯ ಹದದ ವಿಷಯವನ್ನು ಬರೆದು ತಿಳಿಸುವುದು ಕಷ್ಟ, ಆದರೂ ಕೆಲವು ಮಾತು ಹೇಳಬಹುದು. 10 ಮಿ.ಮೀ.ವರೆಗಿನ ಬಿಟ್ಟುಗಳಿಗೆ ವೇಗ ಹೆಚ್ಚಿರಲಿ, ಒತ್ತಡ ಕಡಿಮೆಯಿರಲಿ, 35 ಮಿ.ಮೀ.ನ ಬಿಟ್ಟಿಗೂ ಬಳೆ ಗರಗಸಕ್ಕೂ ಡ್ರಿಲ್ಲಿನ ನಿಧಾನದ ಗೇರೇ ಸರಿ, ಇಲ್ಲವಾದರೆ ಅಂಚು ಸುಟ್ಟು ಕಪ್ಪಾಗುತ್ತದೆ. ಬಿಟ್ ಮರವನ್ನು ಮುಟ್ಟುವುದಕ್ಕೆ ಮೊದಲೇ ತಿರುಗುತ್ತಿರಬೇಕು, ಹೊರಗೆ ತೆಗೆಯುವಾಗಲೂ ತಿರುಗುತ್ತಲೇ ಇರಬೇಕು. ಕಡೆಯ ಎರಡು ಮಿಲಿಮೀಟರು ಬಂದಾಗ ಭುಜದ ಭಾರವನ್ನು ಹಿಂದಕ್ಕೆ ತೆಗೆದುಕೊಂಡು ಡ್ರಿಲ್ಲಿನ ಸ್ವಂತ ತೂಕಕ್ಕಷ್ಟೇ ಕೆಲಸವನ್ನು ಬಿಡಬೇಕು. ಅದು ಬಂದಿತೆಂಬುದು ಸದ್ದಿನ ಬದಲಾವಣೆಯಿಂದ ತಿಳಿಯುತ್ತದೆ. ನಮ್ಮ ಹಿಂದಿನ ತಲೆಮಾರಿನ ಬಡಗಿಗಳು ಬಿಲ್ಲಿನ ಹಗ್ಗ ಸುತ್ತಿದ ಬೈರಿಗೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದಾಗ ಈ ಸೂಕ್ಷ್ಮ ಅವರ ಅಂಗೈಗೇ ತಿಳಿಯುತ್ತಿತ್ತು. ವಿದ್ಯುತ್ತಿನ ಯಂತ್ರ ಅಂಗೈಯನ್ನು ಕಿವುಡು ಮಾಡುತ್ತದೆ, ಆದ್ದರಿಂದ ಕಿವಿಯನ್ನೇ ತೆರೆದಿಟ್ಟಿರಬೇಕು. ಹಾಗೆಂದು ಬೈರಿಗೆಯ ಕಾಲಕ್ಕೆ ಹಿಂದಿರುಗುವ ಆಸೆ ನನಗಿಲ್ಲ. ಕಪಾಟಿನ ಅರವತ್ತು ರಂಧ್ರಗಳನ್ನು ನೆನೆದರೆ ಆ ಆಸೆ ತಾನಾಗಿಯೇ ಹೋಗುತ್ತದೆ.

ಬಿಟ್ ಹರಿತವಾಗಿದೆಯೆ ಎಂಬುದನ್ನು ಅದು ಹೊರಚೆಲ್ಲುವ ವಸ್ತುವೇ ಹೇಳುತ್ತದೆ. ತುಣುಕು ತುಣುಕಾದ ಸಿಪ್ಪೆ ಬಂದರೆ ಸರಿ. ಗೋಧಿಹಿಟ್ಟಿನಂಥ ಪುಡಿಯೂ ಸುಟ್ಟ ವಾಸನೆಯೂ ಬಂದರೆ ಅದು ಕೊಯ್ಯುತ್ತಿಲ್ಲ, ತಿಕ್ಕುತ್ತಿದೆ. ಡ್ರಿಲ್ಲನ್ನು ನೆಟ್ಟಗೆ ಹಿಡಿಯುವುದೂ ಅಷ್ಟೇ ಮುಖ್ಯ, ಏಕೆಂದರೆ ಓರೆಯಾಗಿ ಹೊರಬಂದ ಬಿಟ್ ಬೆನ್ನಿನ ಒಂದು ಮಗ್ಗುಲನ್ನು ಮೊದಲು ಒಡೆಯುತ್ತದೆ. ಈಗ ಯಾರೂ ಹಾಡು ಕೇಳಲು ಬಳಸದ ಸಿ.ಡಿ.ಯೊಂದನ್ನು ಹಲಗೆಯ ಮೇಲಿಟ್ಟು, ಅದರ ನಡುವಿನ ತೂತಿನ ಮೂಲಕ ಬಿಟ್ಟನ್ನು ಗುರುತಿಗೆ ಇಳಿಸಿ, ಬಿಟ್ಟೂ ಅದರ ಪ್ರತಿಬಿಂಬವೂ ಒಂದೇ ಗೆರೆಯಲ್ಲಿ ಕಂಡರೆ ನೆಟ್ಟಗಿದೆಯೆಂದು ತಿಳಿಯಬಹುದು. ನೋಡಿಕೊಂಡ ಮೇಲೆ ಸಿ.ಡಿ.ಯನ್ನು ತೆಗೆದು ಕೊರೆಯಲು ತೊಡಗಬೇಕು. ಕನ್ನಡಕ ಹಾಕಿಕೊಳ್ಳುವುದು, ತೋಳಿನ ಗುಂಡಿ ಹಾಕಿಕೊಳ್ಳುವುದು, ಸಣ್ಣ ತುಂಡುಗಳನ್ನು ಕಾಲಿನಿಂದ ಅದುಮಿ ಹಿಡಿಯದೆ ಕ್ಲಾಂಪಿಗೆ ಕೊಡುವುದು, ಇವನ್ನು ಬಲ್ಲವರಿಗೆ ಹೇಳಬೇಕಾದದ್ದಿಲ್ಲ. ಆದರೆ ಬಲ್ಲವರೇ ಹೆಚ್ಚಾಗಿ ಮರೆಯುತ್ತಾರೆ.

ಇಷ್ಟರ ಮೇಲೂ ಚಕ್ಕೆ ಎದ್ದರೆ, ಮೊದಲನೆಯದಾಗಿ ಅದನ್ನು ಕಿತ್ತು ಎಸೆಯಬಾರದು. ಒಂದು ತುದಿ ಇನ್ನೂ ಅಂಟಿಕೊಂಡಿದ್ದರೆ, ಬ್ಲೇಡಿನ ತುದಿಯಿಂದ ಅದರಡಿಗೆ ಸ್ವಲ್ಪ ಫೆವಿಕಾಲ್ ತೂರಿಸಿ, ನಾರಿನ ಜಾಡಿಗೆ ಸರಿಯಾಗಿ ಮಲಗಿಸಿ, ಮೇಲೆ ಪ್ಲಾಸ್ಟಿಕ್ ಹಾಳೆಯ ಚೂರನ್ನಿಟ್ಟು, ಅದರ ಮೇಲೊಂದು ತುಂಡು ಹಲಗೆಯನ್ನಿಟ್ಟು ಕ್ಲಾಂಪು ಬಿಗಿದು, ಒಂದು ರಾತ್ರಿ ಬಿಟ್ಟರೆ ಮರುದಿನ ಹುಡುಕಿದರೂ ಕಾಣುವುದಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಮರೆತರೆ ತುಂಡು ಹಲಗೆಯೂ ಬಾಗಿಲಿಗೇ ಅಂಟಿಕೊಂಡು ಹೊಸದೊಂದು ಕಥೆಯಾಗುತ್ತದೆ. ಚಕ್ಕೆ ಕಳೆದುಹೋಗಿದ್ದರೆ, ಅದೇ ಮರದ ನವಿರಾದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ನಾರಿನುದ್ದಕ್ಕೆ ಉಜ್ಜಬೇಕು. ಪಾಲಿಶು ಹಚ್ಚಿದಾಗ ಅಂಟು ಬಣ್ಣ ಹೀರುವುದಿಲ್ಲವಾದ್ದರಿಂದ ಆ ಜಾಗ ತುಸು ಬೇರೆಯಾಗಿಯೇ ಕಾಣುತ್ತದೆ. ನನ್ನ ಕಪಾಟಿನ ಬಾಗಿಲಿನಲ್ಲಿ ಅದು ಕಂಡಿತು. ಕೊನೆಗೆ ಹಿಡಿಯ ಬುಡಕ್ಕೆ ಎರಡು ಹಿತ್ತಾಳೆಯ ದುಂಡು ಬಿಲ್ಲೆಗಳನ್ನು ತಂದು ಕೂರಿಸಿ ಮುಚ್ಚಿದೆ; ಎರಡನೆಯ ಬಾಗಿಲು ಸರಿಯಾಗಿಯೇ ಇದ್ದರೂ ಜೋಡಿ ಕೆಡಬಾರದೆಂದು ಅದಕ್ಕೂ ಎರಡು ಬಿಲ್ಲೆ ಕೊಳ್ಳಬೇಕಾಯಿತು.